ಗಲ್ಲಾದಲ್ಲಿ ಕೂತವನ ದವಡೆ ಹಲ್ಲು

ಗಲ್ಲಾದಲ್ಲಿ ಕೂತವನಿಗೆ ಚಾದ ಬಿಲ್ ಇಲ್ಲ. ಮುಂಬೈ ಮುಲುಂಡಿನ ನಮ್ಮ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಈ ಸವಲತ್ತನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟವನಲ್ಲ. ಶಟರ್ ಎತ್ತಿದ ಕೂಡಲೇ ಒಂದು, ಇಡ್ಲಿಯ ಮೊದಲ ಪಾತ್ರೆ ಇಳಿದಾಗ ಒಂದು, ಆಫೀಸಿಗೆ ಹೋಗುವವರ ಗಲಾಟೆ ಮುಗಿದ ಮೇಲೆ ಒಂದು, ಹೀಗೆ ರಾತ್ರಿ ಲೆಕ್ಕ ಕೂಡಿಸುವವರೆಗೂ. ಅದೂ ಒಂದೇ ಸಲ ಕುಡಿದು ಮುಗಿಸುವ ಜಾತಿ ನಾನಲ್ಲ. ಗ್ಲಾಸು ಪಕ್ಕದಲ್ಲೇ ಇರುತ್ತದೆ. ಚಿಲ್ಲರೆ ಎಣಿಸುವಾಗ ಒಂದು ಗುಟುಕು, ಪಾರ್ಸೆಲ್ ಬಿಲ್ ಬರೆಯುವಾಗ ಇನ್ನೊಂದು. ಕಟಿಂಗ್ ಚಾ ಅಂದರೆ ಗೊತ್ತಲ್ಲ, ಅರ್ಧ ಗ್ಲಾಸು ಚಾ. ನನ್ನದಾದರೆ ಗ್ಲಾಸಿನ ತಳದಲ್ಲಿ ಸಕ್ಕರೆ ಕಾಣಬೇಕು.

ಕೆಳದವಡೆಯ ಬಲಗಡೆಯ ಹಲ್ಲು ಈ ಗುಟುಕುಗಳಲ್ಲಿ ಕರಗಿತು ಎಂದು ನನಗೆ ತಿಳಿಯುವಷ್ಟರಲ್ಲಿ ಹದಿನಾರು ತಿಂಗಳು ಕಳೆದಿತ್ತು. ಹಲ್ಲು ಸುಮ್ಮನಿರಲಿಲ್ಲ, ಪ್ರತಿ ಹಂತದಲ್ಲೂ ಹೇಳುತ್ತಾ ಬಂದಿತ್ತು. ನನಗೆ ಒಂದೂ ಸರಿಯಾಗಿ ಕೇಳಿಸಲಿಲ್ಲ ಅಷ್ಟೇ.

ಮೊದಲು ಮೇ ತಿಂಗಳ ಸೆಕೆಯಲ್ಲಿ ಫ್ರಿಜ್ಜಿನ ನೀರಿಗೆ ಜುಂ ಎಂದಿತು. ಒಂದು ಕ್ಷಣ, ಮತ್ತೆ ಏನೂ ಇಲ್ಲ. ಟಿವಿಯಲ್ಲಿ ಬಿಳಿ ಕೋಟು ಹಾಕಿದವರು ತೋರಿಸುವ ಪೇಸ್ಟು ತಂದು ಉಜ್ಜಿದೆ. ಸ್ವಲ್ಪ ಕಡಿಮೆಯಾದ ಹಾಗೆ ಅನಿಸಿತು. ಮಳೆಗಾಲದಲ್ಲಿ ಸಿಹಿಗೆ ಶುರುವಾಯಿತು. ಜಿಲೇಬಿ ಬಾಯಿಗಿಟ್ಟರೆ ಕಿವಿಯವರೆಗೆ ಒಂದು ಎಳೆತ. ಆಮೇಲೆ ಊಟದ ಚೂರು ಅದೇ ಸಂದಿಗೆ ಹೋಗಿ ಕೂರತೊಡಗಿತು. ಗಿರಾಕಿಗಳಿಗೆಂದು ಗಲ್ಲಾದ ಮೇಲೆ ಟೂತ್‌ಪಿಕ್ ಡಬ್ಬಿಯೂ ಸಕ್ಕರೆ ಬೆರೆಸಿದ ಸೋಂಪಿನ ತಟ್ಟೆಯೂ ಇರುತ್ತವಲ್ಲ, ಎರಡಕ್ಕೂ ದೊಡ್ಡ ಗಿರಾಕಿ ನಾನೇ ಆದೆ. ಕಡ್ಡಿ ಸಾಲದಾದಾಗ ಸೇಫ್ಟಿ ಪಿನ್ ಹಿಡಿದದ್ದೂ ಉಂಟು.

ಚಳಿಗಾಲ ಮುಗಿಯುವ ಹೊತ್ತಿಗೆ ಬಿಸಿಗೆ ನೋವು ಬಂತು. ನನ್ನ ಚಾಕ್ಕೇ ಕೈ ಹಾಕಿತು ಅಂತ ಸಿಟ್ಟು ಬಂತೇ ಹೊರತು, ತಣ್ಣೀರಿನ ಜುಂ ಬೇರೆ, ಬಿಸಿ ತಾಗಿ ಹತ್ತು ನಿಮಿಷ ನಿಲ್ಲುವ ಈ ನೋವು ಬೇರೆ ಎಂಬುದು ತಲೆಗೆ ಹೋಗಲಿಲ್ಲ. ಕ್ಷಣದಲ್ಲಿ ಹೋಗುವ ಜುಂ ಆದರೆ ಒಳಗಿನ ನರ ಇನ್ನೂ ಚೇತರಿಸಿಕೊಳ್ಳಬಲ್ಲುದು, ಒಂದು ಫಿಲ್ಲಿಂಗಿಗೆ ಕೆಲಸ ಮುಗಿಯುತ್ತದೆ. ಬಿಸಿಗೆ ಎದ್ದು ನಿಂತ ನೋವು, ತಾನೇ ತಾನಾಗಿ ರಾತ್ರಿ ಎಬ್ಬಿಸುವ ನೋವು ಬಂತೆಂದರೆ ಫಿಲ್ಲಿಂಗಿನ ಕಾಲ ದಾಟಿತು ಅಂತಲೇ ಲೆಕ್ಕ.

ಆ ರಾತ್ರಿಗಳನ್ನು ಹೇಳಬೇಕು. ಡೊಂಬಿವಲಿಯ ಮನೆಗೆ ಮುಟ್ಟುವಾಗ ಹನ್ನೊಂದೂಮುಕ್ಕಾಲು. ಊಟ ಮಾಡಿ ಮಲಗುವವರೆಗೆ ಏನೂ ಇಲ್ಲ. ದಿಂಬಿಗೆ ತಲೆ ಕೊಟ್ಟ ಐದು ನಿಮಿಷಕ್ಕೆ ದವಡೆಯೊಳಗೆ ಯಾರೋ ಒನಕೆ ಹಾಕತೊಡಗುತ್ತಾರೆ, ಎದೆ ಬಡಿದ ಹಾಗೇ ಲಯಬದ್ಧವಾಗಿ. ಎದ್ದು ಕೂತರೆ ಸ್ವಲ್ಪ ಕಡಿಮೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುತ್ತದೆ, ಗಟ್ಟಿ ಹಲ್ಲಿನೊಳಗೆ ಬಾತ ನರಕ್ಕೆ ಹಿಗ್ಗಲು ಜಾಗವಿಲ್ಲ, ಆದ್ದರಿಂದ ಹಾಗಂತೆ. ಒಂದು ರಾತ್ರಿ ಆಕಸ್ಮಿಕವಾಗಿ ಫ್ರಿಜ್ಜಿನ ನೀರನ್ನು ಆ ಬದಿಗೆ ತುಂಬಿಕೊಂಡೆ. ನೋವು ಟಪ್ಪೆಂದು ನಿಂತಿತು! ನೀರು ಬಾಯಲ್ಲಿ ಬೆಚ್ಚಗಾದ ಕೂಡಲೇ ಮತ್ತೆ ಬಂತು. ಉಗುಳಿ ಇನ್ನೊಂದು ಗುಟುಕು. ಹೀಗೆ ಸೋಫಾದಲ್ಲಿ ಕೂತು ಬೆಳಗಿನ ಜಾವದವರೆಗೆ ಎರಡು ಬಾಟಲಿ ಮುಗಿಸಿದೆ.

ಹೆಂಡತಿ ಎದ್ದು ಬಂದು ದೀಪ ಹಾಕಿದಳು. "ಎಂತದು ಇದು, ರಾತ್ರಿಯಿಡೀ ಗುಳುಗುಳು ಶಬ್ದ? ನಾಳೆ ಡಾಕ್ಟ್ರ ಹತ್ರ ಹೋಗ್ತೀರೋ ಇಲ್ವೋ?"

"ಕಡಿಮೆಯಾಯ್ತು ಮಾರಾಯ್ತಿ" ಎಂದೆ, ಬಾಯಲ್ಲಿ ನೀರಿಟ್ಟುಕೊಂಡೇ.

ಡಾಕ್ಟರ ಹತ್ತಿರ ಹೋಗಲಿಲ್ಲ. ಹಣಕ್ಕಿಂತ ಹೆಚ್ಚಾಗಿ ಹೆದರಿಕೆ. ಸುಮಾರು ಹದಿನೈದು ವರ್ಷಗಳ ಹಿಂದೆ ಎಡಗಡೆಯ ದವಡೆ ಹಲ್ಲೊಂದನ್ನು ಕೀಳಿಸಿದ್ದೆ. ಅದರ ನೆನಪು ಈಗಲೂ ಮೈಯಲ್ಲಿದೆ. ಹಾಗಾಗಿ ಸಿಕ್ಕಸಿಕ್ಕವರ ವೈದ್ಯ ಶುರುವಾಯಿತು.

ಅಡುಗೆಯ ಭಟ್ರು ಲವಂಗ ಜಜ್ಜಿ ತಂದುಕೊಟ್ಟರು. ಲವಂಗ ಸುಳ್ಳಲ್ಲ. ಅದರ ಎಣ್ಣೆಯಲ್ಲಿರುವ ಯೂಜಿನಾಲ್ ನಿಜವಾಗಿಯೂ ಮರಗಟ್ಟಿಸುತ್ತದೆ, ದಂತವೈದ್ಯರೇ ತಾತ್ಕಾಲಿಕ ಸಿಮೆಂಟಿಗೆ ಅದನ್ನು ಬೆರೆಸುತ್ತಾರೆ. ಆದರೆ ಅದು ಅರ್ಧ ಗಂಟೆಯ ಸುಖ. ಮೆಡಿಕಲ್ ಅಂಗಡಿಯ ಹುಡುಗ ನೋವಿನ ಮಾತ್ರೆಯ ಜೊತೆ ಮೂರು ದಿನದ ಆಂಟಿಬಯೋಟಿಕ್ ಸೇರಿಸಿ ಕೊಟ್ಟ. ನರದ ಉರಿಗೆ ಆಂಟಿಬಯೋಟಿಕ್ ಮದ್ದೇ ಅಲ್ಲ ಎಂದು ಆಮೇಲೆ ತಿಳಿಯಿತು. ಒಮ್ಮೆ ಅತಿಬುದ್ಧಿವಂತಿಕೆಯಿಂದ ಆಸ್ಪಿರಿನ್ ಮಾತ್ರೆಯನ್ನು ನುಂಗದೆ ಹಲ್ಲಿನ ಬುಡಕ್ಕೇ ಒತ್ತಿಟ್ಟುಕೊಂಡೆ. ಬೆಳಿಗ್ಗೆ ನೋಡಿದರೆ ಒಸಡಿನ ಚರ್ಮ ಸುಟ್ಟು ಹಾಲಿನ ಕೆನೆಯ ಹಾಗೆ ಬೆಳ್ಳಗೆ ಎದ್ದಿತ್ತು. ನಾಲ್ಕು ದಿನ ಉಪ್ಪಿನಕಾಯಿ ಮುಟ್ಟಲಾಗಲಿಲ್ಲ.

ನಮ್ಮಲ್ಲಿ ಪಾತ್ರೆ ತೊಳೆಯುವ ಮಾವಶಿ ಸಾತಾರಾ ಕಡೆಯವರು. ನಾನು ಕೆನ್ನೆ ಹಿಡಿದು ಕೂತದ್ದನ್ನು ನೋಡಿ ಸೆರಗಿನ ಗಂಟಿನಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದರು. "ಅಣ್ಣಾ, ಥೋಡೀ ಮಶೇರಿ ಲಾವ್." ಸ್ವಲ್ಪ ಮಶೇರಿ ಹಚ್ಚು. ಮಶೇರಿ ಎಂದರೆ ಹೊಗೆಸೊಪ್ಪನ್ನು ಕಾವಲಿಯ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ಮಹಾರಾಷ್ಟ್ರದ ಎಷ್ಟೋ ಹೆಂಗಸರು ಬೆಳಿಗ್ಗೆ ಎದ್ದು ಇದರಿಂದಲೇ ಹಲ್ಲುಜ್ಜುತ್ತಾರೆ. ಉಜ್ಜುವುದು ನೆಪ, ಅಭ್ಯಾಸ ಹೊಗೆಸೊಪ್ಪಿನದು. ಒಂದು ಚಿಟಿಕೆ ಹಚ್ಚಿದೆ. ನೋವು ಮಾಯವಾಯಿತು, ಜೊತೆಗೆ ಗಲ್ಲಾ, ಟೇಬಲ್ಲು, ಎದುರಿದ್ದ ಗಿರಾಕಿ ಎಲ್ಲ ತಿರುಗತೊಡಗಿದವು. ಆ ದಿನ ಇಪ್ಪತ್ತು ರೂಪಾಯಿಗೆ ನೂರರ ಚಿಲ್ಲರೆ ಕೊಟ್ಟದ್ದು ಧಣಿಗಳಿಗೆ ಇವತ್ತಿಗೂ ಗೊತ್ತಿಲ್ಲ.

ಕಾರ್ಕಳದಿಂದ ಅಮ್ಮ ಫೋನಿನಲ್ಲಿ, "ಉಮಿಕರಿ, ಮಾವಿನೆಲೆ ಬಿಟ್ಟು ಪೇಸ್ಟು ಹಿಡಿದದ್ದಕ್ಕೇ ಹೀಗಾದದ್ದು" ಎಂದರು. ಅವರ ಬಾಯಲ್ಲಿ ಈಗ ಉಳಿದಿರುವುದು ಏಳು ಹಲ್ಲು. ಹುಳುಕಾಗಿ ಹೋದದ್ದಲ್ಲ, ಎಲೆಯಡಿಕೆ ಹೊಗೆಸೊಪ್ಪಿನ ಜೊತೆ ಒಸಡು ಸವೆದು, ಒಂದೊಂದೇ ಅಲ್ಲಾಡಿ ಬಿದ್ದದ್ದು. ಅದನ್ನು ಅವರಿಗೆ ಹೇಳುವ ಧೈರ್ಯ ನನಗಿಲ್ಲ.

ಹುಳುಕು ಅಂದದ್ದಕ್ಕೆ ನೆನಪಾಯಿತು. ನಾವು ಹುಳುಕು ಹಲ್ಲು ಅನ್ನುತ್ತೇವೆ, ಮರಾಠಿಯವರು 'ದಾತಾಲಾ ಕೀಡ್ ಲಾಗಲೀ' ಅನ್ನುತ್ತಾರೆ. ಎರಡು ಭಾಷೆಯಲ್ಲೂ ಹಲ್ಲಿನೊಳಗೆ ಒಂದು ಹುಳ ಕೂತಿದೆ. ಸಣ್ಣವನಿದ್ದಾಗ ಊರಲ್ಲಿ ಗುಳ್ಳದ ಬೀಜ ಕೆಂಡಕ್ಕೆ ಹಾಕಿ, ಹೊಗೆಯನ್ನು ಕೊಳವೆಯಲ್ಲಿ ಬಾಯಿಗೆ ಹಿಡಿಸಿ, ತಟ್ಟೆಯ ನೀರಿನಲ್ಲಿ ಬಿಳಿ ಹುಳ ಉದುರಿಸಿ ತೋರಿಸುತ್ತಿದ್ದವರೊಬ್ಬರಿದ್ದರು. ನಾನೇ ಕಣ್ಣಾರೆ ನೋಡಿದ್ದೇನೆ. ಅದು ಹುಳವಲ್ಲ, ಬಿಸಿಗೆ ಸಿಡಿದ ಬೀಜದ ಮೊಳಕೆ ಎಂದು ತಿಳಿಯಲು ನನಗೆ ಐವತ್ತೆರಡು ವರ್ಷ ಬೇಕಾಯಿತು.

ಮಾರ್ಚಿನಲ್ಲಿ ಒಂದು ದಿನ ನೋವು ನಿಂತಿತು. ಲವಂಗ ಬೇಡ, ಮಾತ್ರೆ ಬೇಡ, ತಣ್ಣೀರಿಗೂ ಜುಂ ಇಲ್ಲ, ಬಿಸಿಗೂ ಇಲ್ಲ. ನಾಲ್ಕು ತಿಂಗಳು ರಾಜನ ಹಾಗೆ ಚಾ ಕುಡಿದೆ. ಹೆಂಡತಿಗೆ, "ನೋಡು, ಡಾಕ್ಟ್ರಿಗೆ ಕೊಡುವ ಹತ್ತು ಸಾವಿರ ಉಳೀತು" ಎಂದು ಹೇಳಿ ಬೀಗಿದೆ. ಹದಿನಾರು ತಿಂಗಳಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಈ ನಾಲ್ಕು ತಿಂಗಳ ನೆಮ್ಮದಿ. ನರ ಗುಣವಾದದ್ದಲ್ಲ, ಸತ್ತದ್ದು. ಸತ್ತ ನರಕ್ಕೆ ನೋವಿಲ್ಲ, ಆದರೆ ಅದು ಕೊಳೆಯುತ್ತದೆ, ಕೊಳೆತದ್ದು ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತದೆ.

ಜುಲೈಯಲ್ಲಿ ತಮ್ಮನ ಮಗ ಸ್ನೇಹಿತರ ಜೊತೆ ಭೂಶಿ ಡ್ಯಾಮಿನಲ್ಲಿ ಮಳೆಗೆ ನೆನೆದು ಬರುವಾಗ ಲೋಣಾವಳದ ಚಿಕ್ಕಿ ತಂದ. ನೆಲಗಡಲೆಯದು. ಎರಡನೇ ತುಂಡಿಗೆ ಕಟಕ್ ಎಂದಿತು. ಚಿಕ್ಕಿಯ ಶಬ್ದ ಎಂದುಕೊಂಡು ಅಗಿಯುತ್ತಲೇ ಇದ್ದೆ, ನಾಲಗೆಗೆ ಚೂಪಾದದ್ದು ತಾಗಿತು. ಅಂಗೈಗೆ ಉಗುಳಿ ನೋಡಿದರೆ ಬೆಲ್ಲದ ಪಾಕದಲ್ಲಿ ಅಂಟಿಕೊಂಡು ಎರಡು ಅರ್ಧ ಕಡಲೆ, ಅವುಗಳ ನಡುವೆ ನನ್ನ ಹಲ್ಲಿನ ಒಂದು ಗೋಡೆ. ಹೊರಗೆ ಬೆಳ್ಳಗೆ, ಒಳಬದಿ ಕಾಫಿಪುಡಿಯ ಬಣ್ಣ. ನೋವಂತೂ ಇಲ್ಲ! ಹಾಗಾಗಿ ಆಗಲೂ ಹೋಗಲಿಲ್ಲ.

ಚೌತಿಯ ಹಿಂದಿನ ದಿನ ಮುಖ ಊದಿತು. ಬೆಳಿಗ್ಗೆ ಸ್ವಲ್ಪ, ಸಂಜೆಗೆ ಕನ್ನಡಿಯಲ್ಲಿ ಬಲಗೆನ್ನೆ ಯಾರದೋ ಕೆನ್ನೆ. ಜ್ವರ. ಹಲ್ಲು ಹಲ್ಲಿಗೆ ತಾಗಿದರೆ ಜೀವ ಹೋಗುತ್ತದೆ. ಮನೆಯಲ್ಲಿ ಮೋದಕ, ನನಗೆ ಗಂಜಿತಿಳಿ. ಅಷ್ಟರ ಮೇಲೆ ಮನೆಯವಳು ನನ್ನ ಮಾತು ಕೇಳಲಿಲ್ಲ. ರಿಕ್ಷಾ ಕರೆದು, ಹತ್ತಿರದ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡೇ ಹೋದಳು.

ಆ ಕ್ಲಿನಿಕ್ಕಿನವರು ಎರಡು ನಿಮಿಷ ನೋಡಿ, "ತೆಗೆದುಬಿಡೋಣ, ಊತ ಇಳಿಯಲಿ, ಮುಂದಿನ ವಾರ ಬನ್ನಿ" ಎಂದು ಮಾತ್ರೆ ಬರೆದುಕೊಟ್ಟರು. ಉಳಿಸಲು ಆಗುವುದಿಲ್ಲವೇ ಎಂದಾಗ, ರೂಟ್ ಕೆನಾಲಿಗೆ ಆರೂವರೆ ಸಾವಿರ, ಮೇಲೆ ಕ್ಯಾಪಿಗೆ ಐದರಿಂದ ಶುರು, ಗ್ಯಾರಂಟಿ ಇಲ್ಲ ಎಂದರು. ಎಕ್ಸ್‌ರೇ ತೆಗೆಯದೆ ಅದು ಹೇಗೆ ಗೊತ್ತಾಯಿತೋ ನಾನರಿಯೆ. ನನಗೆ ಕೀಳಿಸುವ ಮನಸ್ಸಿರಲಿಲ್ಲ. ಎಡಗಡೆ ಕೀಳಿಸಿದ ಹಲ್ಲಿನ ಕಥೆ ಗೊತ್ತಿತ್ತಲ್ಲ. ಜಾಗ ಖಾಲಿ ಬಿಟ್ಟದ್ದಕ್ಕೆ ಹಿಂದಿನ ಹಲ್ಲು ಮುಂದಕ್ಕೆ ವಾಲಿತು, ಮೇಲಿನದ್ದು ಕೆಳಗೆ ಇಳಿದು ಬಂತು, ಆ ಬದಿಯಲ್ಲಿ ಅಗಿಯುವುದೇ ನಿಂತಿತು. ಈಗ ಇದೂ ಹೋದರೆ ಐವತ್ತೆರಡಕ್ಕೇ ಗಂಜಿ ಕಾಯಂ.

ನಾಯರ್ ದಂತ ಆಸ್ಪತ್ರೆಗೆ ಹೋಗು ಎಂದವರು ನಮ್ಮ ಧಣಿಗಳು. ಮುಂಬೈ ಸೆಂಟ್ರಲ್ ಹತ್ತಿರ, ಮಹಾನಗರಪಾಲಿಕೆಯದು, 1933ರಲ್ಲಿ ಶುರುವಾದ ದಂತ ಕಾಲೇಜು. ಮರುದಿನ ಬೆಳಗಿನ ಲೋಕಲ್ ಹಿಡಿದು, ದಾದರಿನಲ್ಲಿ ಬದಲಾಯಿಸಿ ಹೋಗಿ, ಕೇಸ್ ಪೇಪರಿನ ಸಾಲಿನಲ್ಲಿ ನಿಂತೆ.

ನನ್ನ ಪಕ್ಕದಲ್ಲಿ ಒಬ್ಬ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಒಳಗೆ ಡಾಕ್ಟರು ಅವನಿಗೆ ಬಾಯಿ ತೆರೆಯಲು ಹೇಳಿ, ಅವನದೇ ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹಾಕಲು ಹೇಳಿದರು. ಮೂರು ಬೆರಳು ಹೋಗಬೇಕು, ಅವನಿಗೆ ಒಂದೂವರೆ. ಅಡಿಕೆ, ಗುಟ್ಕಾ. ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ, ಆದರೆ ಸಿಗದ ಜಾಗ ಯಾವುದಿದೆ? ಅಡಿಕೆ ಕೆನ್ನೆಯ ಒಳಚರ್ಮವನ್ನು ಹಗ್ಗದ ಹಾಗೆ ಗಟ್ಟಿಮಾಡುತ್ತದೆ, ಮುಂದೆ ಕ್ಯಾನ್ಸರಿಗೂ ತಿರುಗಬಹುದು. ನಾನು ಬೆಂಚಿನಲ್ಲಿ ಕೂತು ಗುಟ್ಟಾಗಿ ನನ್ನ ಮೂರು ಬೆರಳು ಹಾಕಿ ನೋಡಿಕೊಂಡೆ. ಊತದಿಂದ ಎರಡೇ ಹೋದವು, ಎದೆ ಧಸಕ್ಕೆಂದಿತು.

ನನ್ನನ್ನು ನೋಡಿದ್ದು ಉನ್ನತ ವ್ಯಾಸಂಗ ಮಾಡುತ್ತಿದ್ದ ಒಬ್ಬ ಹುಡುಗಿ. ಕೇಸ್ ಪೇಪರಿನಲ್ಲಿ ನನ್ನ ಹೆಸರು ಓದಿ ತಲೆಯೆತ್ತಿ, "ಕನ್ನಡದವರೇನ್ರಿ ಕಾಕಾ?" ಎಂದಳು. ಬೆಳಗಾವಿಯವಳು. ನನ್ನ ಅರ್ಧ ಹೆದರಿಕೆ ಅಲ್ಲೇ ಇಳಿಯಿತು.

"ಥಂಡಿ ನೀರಿಗೆ ಜುಮ್ ಅಂತಿತ್ತೇನ್ರಿ ಮೊದಲ? ಆಮ್ಯಾಲೆ ಬಿಸೀಗೆ? ರಾತ್ರಿ ನಿದ್ದಿ ಇಲ್ದಂಗ? ಆಮ್ಯಾಲೆ ಒಮ್ಮೆಗೇ ಎಲ್ಲಾ ನಿಂತ್ ಬಿಡ್ತು, ಹೌದಲ್ರಿ?"

ನಮ್ಮ ಮನೆಯ ಸೋಫಾದಲ್ಲಿ ಕೂತು ನೋಡಿದವಳ ಹಾಗೆ ಹೇಳಿದಳು. ಹತ್ತಿಗೆ ಮಂಜಿನ ಹಾಗೆ ಕೊರೆಯುವ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸಿದಳು, ಏನೂ ಗೊತ್ತಾಗಲಿಲ್ಲ. ಪಕ್ಕದ ಹಲ್ಲಿಗೆ ಮುಟ್ಟಿಸಿದಾಗ ಜುಂ ಎಂದಿತು. ಸಲಕರಣೆಯ ಹಿಡಿಕೆಯಿಂದ ಮೆಲ್ಲಗೆ ಕುಟ್ಟಿದಾಗ ಮಾತ್ರ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಾಳುಮೆಣಸಿನ ಗಾತ್ರದ ಕಪ್ಪು ನೆರಳು. ಎಲುಬು ಅಷ್ಟು ಕರಗಿದೆ ಎಂದು ಅರ್ಥ.

ನನ್ನ ಹಲ್ಲಿಗೆ ಅವರ ಲೆಕ್ಕದಲ್ಲಿ 46 ನಂಬರು. ಬಾಯಿಯನ್ನು ನಾಲ್ಕು ಭಾಗ ಮಾಡಿ, ಕೆಳಗಿನ ಬಲಭಾಗ ನಾಲ್ಕನೆಯದು, ನಡುವಿನಿಂದ ಎಣಿಸಿದರೆ ಆರನೇ ಹಲ್ಲು. ಹೋಟೆಲಿನ ಟೇಬಲ್ ನಂಬರಿನ ಹಾಗೆಯೇ, ನನಗೆ ಕೂಡಲೇ ಅರ್ಥವಾಯಿತು. ಈ ಹಲ್ಲು ಆರನೇ ವಯಸ್ಸಿನ ಸುಮಾರಿಗೆ ಬರುತ್ತದೆ. ಯಾವ ಹಾಲುಹಲ್ಲೂ ಬೀಳದೆ ಹಿಂದಿನಿಂದ ಸದ್ದಿಲ್ಲದೆ ಹುಟ್ಟುವುದರಿಂದ ತಂದೆತಾಯಿ ಇದನ್ನೂ ಹಾಲುಹಲ್ಲೇ ಎಂದುಕೊಂಡು ಬಿಟ್ಟುಬಿಡುತ್ತಾರಂತೆ. ಆ ರಾತ್ರಿ ಮನೆಗೆ ಬಂದು ಮೊಬೈಲ್ ಟಾರ್ಚು ಹಿಡಿದು ಮೊಮ್ಮಗನ ಬಾಯಿ ನೋಡಿದೆ. ಇಂಥ ನಾಲ್ಕು ಹಲ್ಲುಗಳಲ್ಲಿ ಎರಡು ಬಂದಿದ್ದವು, ಒಂದರ ಗೀರಿನಲ್ಲಿ ಆಗಲೇ ಕಂದು ಗೆರೆ.

ಸಕ್ಕರೆ ಪರೀಕ್ಷೆ ಮಾಡಿಸದೆ ಮುಂದಿನ ಕೆಲಸವಿಲ್ಲ ಎಂದಳು. ಖಾಲಿ ಹೊಟ್ಟೆಯಲ್ಲಿ 164 ಬಂತು. ನನಗೆ ಡಯಾಬಿಟಿಸ್ ಇದೆ ಎಂದು ಹಲ್ಲಿನ ಡಾಕ್ಟರಿಂದ ತಿಳಿದದ್ದು! ಒಸಡಿನಲ್ಲಿ ರಕ್ತ ಬರುವುದನ್ನು ನೋಡಿಯೇ ಅನುಮಾನವಾಗಿತ್ತಂತೆ. ಸಕ್ಕರೆ ಹೆಚ್ಚಿದ್ದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ, ಎರಡೂ ಒಂದನ್ನೊಂದು ಎಳೆಯುತ್ತವೆ.

ಸೂಜಿಯ ವಿಷಯ ಹೇಳಿಬಿಡುತ್ತೇನೆ, ನನ್ನ ಹಾಗೆ ಹೆದರುವವರಿಗಾಗಿ. ದವಡೆಯ ಮೂಲೆಯಲ್ಲಿ ಇರುವೆ ಕಚ್ಚಿದಷ್ಟು. ಐದು ನಿಮಿಷಕ್ಕೆ ಅರ್ಧ ತುಟಿ, ಅರ್ಧ ನಾಲಗೆ ಇಡ್ಲಿಯ ಹಾಗೆ ಉಬ್ಬಿದಂತೆ ಭಾಸ. ಕೀವು ತುಂಬಿದ ಜಾಗದಲ್ಲಿ ಮರಗಟ್ಟಿಸುವ ಮದ್ದು ಸರಿಯಾಗಿ ಹತ್ತುವುದಿಲ್ಲ. ಹಲ್ಲು ಊದುವವರೆಗೆ ಕಾದು ಕೂತವರಿಗೇ ನೋವು ಹೆಚ್ಚಾಗಿ, ಅವರೇ ಊರೆಲ್ಲ ಹೆದರಿಸಿಕೊಂಡು ಬರುವುದು ಇದಕ್ಕೇ. ನನಗೂ ಇನ್ನೊಂದು ಸೂಜಿ ಬೇಕಾಯಿತು. ಕೊರೆದು ಒಳಗೆ ದಾರಿಯಾದ ಕೂಡಲೇ ಕೀವು ಹೊರಬಂತು, ಕೆಟ್ಟ ವಾಸನೆ, ಮತ್ತು ವಾರದಿಂದ ತಲೆಯೊಳಗೆ ಬಿಗಿದಿದ್ದ ಹಗ್ಗವನ್ನು ಯಾರೋ ಬಿಚ್ಚಿದ ಹಾಗೆ. ಕುರ್ಚಿಯಲ್ಲೇ ಕಣ್ಣು ತುಂಬಿತು. ಈ ಸಲ ಆಂಟಿಬಯೋಟಿಕ್ ಕೊಟ್ಟರು, ಜ್ವರ ಮತ್ತು ಊತ ಇದ್ದುದಕ್ಕೆ, ಐದು ದಿನ ಪೂರ್ತಿ. ಊತ ಕುತ್ತಿಗೆಗೆ ಇಳಿದಿದ್ದರೆ, ನುಂಗಲು, ಉಸಿರಾಡಲು ಕಷ್ಟವಾಗಿದ್ದರೆ ಹಲ್ಲಿನ ಒಪಿಡಿ ಅಲ್ಲ, ನೇರ ದೊಡ್ಡ ಆಸ್ಪತ್ರೆಯ ಕ್ಯಾಜುವಲ್ಟಿಗೇ ಓಡಬೇಕಾಗುತ್ತಿತ್ತಂತೆ.

ಎರಡನೇ ಸಲ ಮುಖಕ್ಕೆ ಹಸಿರು ರಬ್ಬರ್ ಹಾಳೆ ಬಿಗಿದು, ನಡುವಿನ ತೂತಿನಿಂದ ಆ ಒಂದೇ ಹಲ್ಲು ಹೊರಗಿರುವಂತೆ ಮಾಡಿದರು. ಎಂಜಲು ಹಲ್ಲಿನೊಳಗೆ ಹೋಗಬಾರದು, ಸೂಜಿಯಂಥ ಫೈಲು ನನ್ನ ಗಂಟಲಿಗೆ ಹೋಗಬಾರದು. ಫೈಲುಗಳ ಹಿಡಿಕೆಗೆ ಬಿಳಿ, ಹಳದಿ, ಕೆಂಪು, ನೀಲಿ ಬಣ್ಣ. ಬಿಳಿಯದರ ತುದಿ 0.15 ಮಿಲಿಮೀಟರ್, ಹಳದಿಯದು 0.20. ಒಂದಾದ ಮೇಲೊಂದು ಹಾಕಿ ಬೇರಿನ ಕಾಲುವೆಯನ್ನು ಉಜ್ಜುವುದು, ನಡುನಡುವೆ ಬ್ಲೀಚಿನ ವಾಸನೆಯ ಮದ್ದು ಬಿಟ್ಟು ತೊಳೆಯುವುದು. ಬೇರಿನ ತುದಿ ಹತ್ತಿರವಾದಾಗ ಒಂದು ಯಂತ್ರ ಕೀಂ ಕೀಂ ಅನ್ನುತ್ತದೆ. ಕೆಳಗಿನ ಈ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಕಾಲುವೆ. ನನ್ನದರಲ್ಲಿ ನಾಲ್ಕು ಸಿಕ್ಕಿದವು. ಹುಡುಗಿ ಸಂಭ್ರಮದಿಂದ ತನ್ನ ಸರ್‌ನ್ನು ಕರೆದು ತೋರಿಸಿದಳು. ನನ್ನ ಆಯುಷ್ಯದಲ್ಲಿ ಯಾರೂ ನನ್ನ ಯಾವುದನ್ನೂ ನೋಡಿ ಅಷ್ಟು ಖುಷಿಪಟ್ಟದ್ದಿಲ್ಲ. ಒಂದು ಕಾಲುವೆ ಬಿಟ್ಟುಹೋದರೂ ರೂಟ್ ಕೆನಾಲ್ ಮಾಡಿಸಿದ ಹಲ್ಲು ಮತ್ತೆ ಕೀವಾಗಬಹುದು, ಹುಡುಕಾಟ ಅದಕ್ಕೆ. ಆ ದಿನ ಒಳಗೆ ಸುಣ್ಣದಂಥ ಬಿಳಿ ಮದ್ದು ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟ್ ಮುಚ್ಚಿ ಕಳಿಸಿದರು.

ಮೂರನೇ ಸಲ ಕಾಲುವೆಗಳಿಗೆ ಗುಲಾಬಿ ಕಡ್ಡಿಗಳನ್ನು ತುಂಬಿದರು. ಗಟಪಾರ್ಚಾ ಎಂದು ಹೆಸರು, ಮಲಯದ ಕಡೆಯ ಒಂದು ಮರದ ಹಾಲಿನ ಅಂಟು. ಪಕ್ಕದಲ್ಲಿ ನಿಂತಿದ್ದ ಹಿರಿಯ ಡಾಕ್ಟರು ಮರಾಠಿಯಲ್ಲಿ ಒಂದು ಸಂಗತಿ ಹೇಳಿದರು. 1870ರಲ್ಲಿ ಸಮುದ್ರದಡಿಯಿಂದ ಏಡನ್, ಸೂಯೆಜ್ ದಾರಿಯಾಗಿ ಮುಂಬೈಯನ್ನು ವಿಲಾಯತಿಗೆ ಜೋಡಿಸಿದ ಟೆಲಿಗ್ರಾಫ್ ತಂತಿಗೂ ಇದೇ ಅಂಟಿನ ಹೊದಿಕೆಯಂತೆ. ಉಪ್ಪುನೀರಿಗೆ ಕೆಡದ್ದು ಎಂಜಲಿಗೆ ಕೆಟ್ಟೀತೇ? ಬಾಯಿ ತೆರೆದಿಟ್ಟುಕೊಂಡೇ ತಲೆಯಾಡಿಸಿದೆ.

ಕ್ಯಾಪ್ ಹಾಕಿಸಲು ಇನ್ನೆರಡು ಸಲ. ಅದನ್ನು ತಪ್ಪಿಸಬಾರದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ನಮ್ಮ ಭಟ್ರು ಎರಡು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ, ನೋವು ಹೋಯಿತಲ್ಲ ಎಂದು ಕ್ಯಾಪ್ ಬಿಟ್ಟರು. ಒಳಗೆ ಟೊಳ್ಳಾದ ಹಲ್ಲು ಒಂದು ದಿನ ಚಕ್ಕುಲಿಗೆ ಉದ್ದಕ್ಕೆ ಸೀಳಿಹೋಯಿತು, ಕೀಳುವುದೊಂದೇ ಉಳಿಯಿತು. ನಡುವೆ ಒಂದು ದಿನ ಹಲ್ಲು ಕ್ಲೀನಿಂಗೂ ಆಯಿತು. ಕ್ಲೀನಿಂಗಿನಿಂದ ಹಲ್ಲು ಸಡಿಲವಾಗುತ್ತದೆ ಎಂದು ಅಮ್ಮ ಎಚ್ಚರಿಸಿದ್ದರು. ಉದುರಿದ ಪಾಚಿಯನ್ನು ಆ ಹುಡುಗಿ ತಟ್ಟೆಯಲ್ಲಿ ತೋರಿಸಿದಳು, ಬಾವಿಕಟ್ಟೆಯಿಂದ ಕೆತ್ತಿದ ಸುಣ್ಣದ ಚಕ್ಕೆಯ ಹಾಗಿತ್ತು. ಅದು ಹೋದ ಜಾಗ ಖಾಲಿ ಕಾಣುವುದೇ ಸಡಿಲವಾದಂತೆ ಅನಿಸುತ್ತದೆ. ಎರಡು ವಾರ ತಣ್ಣೀರಿಗೆ ಜುಂ ಎಂದದ್ದು ನಿಜ, ಆಮೇಲೆ ಹೋಯಿತು.

ಒಟ್ಟು ಆರು ಸಲ ಹೋದೆ, ಆರು ಅರ್ಧ ದಿನ. ಧಣಿಗಳ ಮುಖ ಮೂರನೇ ಸಲಕ್ಕೇ ಸಣ್ಣಗಾಗಿತ್ತು. ಖರ್ಚು ಮಾತ್ರ ಹೊರಗೆ ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ. ಸಮಯ ಇಲ್ಲದವರಿಗೆ ಹೊರಗಿನ ಕ್ಲಿನಿಕ್ಕೇ ಸರಿ, ಆದರೆ ಎಕ್ಸ್‌ರೇ ತೋರಿಸಿ ಮಾತಾಡುವವರ ಹತ್ತಿರ ಹೋಗಿ.

ಇನ್ನು ಚಾದ ವಿಷಯ. ದಿನಕ್ಕೆ ಎಷ್ಟು ಎಂದು ಕೇಳಿದಾಗ ನಾಲ್ಕೈದು ಎಂದಿದ್ದೆ. "ಬರದ್ ಇಡ್ರಿ ಕಾಕಾ, ಒಂದ್ ದಿನ" ಎಂದಳು. ಬಿಲ್ ಪುಸ್ತಕದ ಹಿಂದೆ ಗೀಟು ಹಾಕುತ್ತಾ ಬಂದೆ. ರಾತ್ರಿ ಎಣಿಸಿದರೆ ಹನ್ನೊಂದು ಗ್ಲಾಸು. ಗುಟುಕುಗಳನ್ನೂ ಗೀಟು ಹಾಕಬೇಕಿತ್ತು, ಯಾಕೆಂದರೆ ಲೆಕ್ಕಕ್ಕೆ ಬರುವುದು ಅದೇ. ಬಾಯಿಯ ಬ್ಯಾಕ್ಟೀರಿಯಾ ಪ್ರತಿ ಸಿಹಿ ಗುಟುಕಿಗೂ ಹುಳಿ ಹುಟ್ಟಿಸುತ್ತದೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಹಲ್ಲಿನ ಹೊರಪದರ ಕರಗಲು ಶುರು. ಎಂಜಲು ಅದನ್ನು ಸರಿಮಾಡಿ, ಕರಗಿದ ಸುಣ್ಣವನ್ನು ಮರಳಿ ಕೂಡಿಸಲು ಅರ್ಧ ಗಂಟೆಯಾದರೂ ಬೇಕು. ನಾನು ಅದಕ್ಕೆ ಹತ್ತು ನಿಮಿಷವೂ ಕೊಟ್ಟವನಲ್ಲ. ಒಂದು ಲಾಡು ಒಮ್ಮೆಗೇ ತಿಂದು ಬಾಯಿ ಮುಕ್ಕಳಿಸುವವನ ಹಲ್ಲು, ದಿನವಿಡೀ ಗುಟುಕರಿಸುವವನ ಹಲ್ಲಿಗಿಂತ ಸುಖವಾಗಿರುತ್ತದೆ. ಮೇಲಾಗಿ ಕೊನೆಯ ಚಾ ಕುಡಿದು ಹಾಗೇ ಮಲಗುತ್ತಿದ್ದೆ. ರಾತ್ರಿ ಬ್ರಶ್ ಮಾಡುವುದು ಶ್ರೀಮಂತರ ಚಾಳಿ ಎಂದುಕೊಂಡಿದ್ದೆ. ನಿದ್ದೆಯಲ್ಲಿ ಎಂಜಲು ಕಡಿಮೆಯಾಗುವುದರಿಂದ ರಾತ್ರಿಯ ಬ್ರಶ್ಶೇ ದೊಡ್ಡದು.

ಬೆಳಗಿನ ಬ್ರಶ್ಶನ್ನೂ ತಪ್ಪಾಗಿಯೇ ಮಾಡುತ್ತಿದ್ದೆ ಎಂದು ಗೊತ್ತಾಯಿತು. ಗಟ್ಟಿ ಬ್ರಶ್ಶು, ಗರಗಸದ ಹಾಗೆ ಎಳೆದಾಟ. ಮೇಲಿನ ಹಲ್ಲುಗಳ ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿವೆ. ಈಗ ಮೆತ್ತನೆಯ ಬ್ರಶ್ಶು, ಕಡಲೆಕಾಳಿನಷ್ಟು ಫ್ಲೋರೈಡ್ ಪೇಸ್ಟು, ಎರಡು ನಿಮಿಷ. ಉಗಿದ ಮೇಲೆ ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಬಾರದಂತೆ, ಫ್ಲೋರೈಡ್ ಸ್ವಲ್ಪ ಹೊತ್ತು ಹಲ್ಲಿನ ಮೇಲೆ ಉಳಿಯಬೇಕು. ಇದೊಂದು ನನಗಿನ್ನೂ ಅಭ್ಯಾಸವಾಗಿಲ್ಲ, ಕೈ ತಾನಾಗಿ ಚೊಂಬಿಗೆ ಹೋಗುತ್ತದೆ. ಚಾ ಮೂರಕ್ಕೆ ಇಳಿದಿದೆ, ಸಕ್ಕರೆ ಇಲ್ಲ, ನಿಂತು ಕುಡಿದು ಗ್ಲಾಸು ಕೊಟ್ಟುಬಿಡುತ್ತೇನೆ. ಮೊಮ್ಮಗನ ಕಂದು ಗೆರೆಗೆ ಇಪ್ಪತ್ತು ನಿಮಿಷದಲ್ಲಿ ಸೂಜಿಯಿಲ್ಲದೆ ಸೀಲ್ ಹಾಕಿದರು. ಅವನು ಅಳಲೂ ಇಲ್ಲ.

ಕ್ಯಾಪ್ ಕೂರಿಸಿದ ದಿನ ನಾನು ಒಬ್ಬನೇ ಹೋಗಿರಲಿಲ್ಲ. ಹಿಂದಿನ ಸಂಜೆ ಮಾವಶಿ ಗಲ್ಲಾದ ಹತ್ತಿರ ಬಂದು ನಿಂತು, ಬಾಯಿಯ ಒಂದು ಬದಿ ಎಳೆದು ತೋರಿಸಿ, "ಅಣ್ಣಾ, ಹೇ ಕಾಯ್ ಆಹೇ?", ಇದೇನಿದು, ಎಂದಿದ್ದರು. ಮಶೇರಿ ಒತ್ತಿಡುವ ಜಾಗದಲ್ಲಿ ಒಸಡಿನಿಂದ ಕೆನ್ನೆಯವರೆಗೆ ಬಿಳಿಯ ಮಚ್ಚೆ, ಒಣಗಿ ಸುಕ್ಕುಗಟ್ಟಿದ ಹಾಗೆ. ನೋವಿಲ್ಲವಂತೆ. ನೋವಿಲ್ಲ ಎಂಬ ಮಾತು ಕೇಳಿಯೇ ನನಗೆ ಭಯವಾಯಿತು.

ರೈಲಿನಲ್ಲಿ ದಾದರ್‌ವರೆಗೆ ಸೂಜಿ ಚುಚ್ಚುತ್ತಾರಾ ಎಂದು ಮೂರು ಸಲ ಕೇಳಿದರು. ಬೆಳಗಾವಿಯ ಹುಡುಗಿ ಮಚ್ಚೆಯನ್ನು ಬೆಳಕು ಹಿಡಿದು ನೋಡಿ, ಬೆರಳಿನಿಂದ ಒತ್ತಿ, ಅಳತೆ ತೆಗೆದು ಬರೆದುಕೊಂಡಳು. ಮಶೇರಿ ಪೂರ್ತಿ ನಿಲ್ಲಿಸಿ ಎರಡು ವಾರ ಬಿಟ್ಟು ಬರಬೇಕು, ಮಚ್ಚೆ ಹಾಗೇ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದಳು. ಮಾವಶಿ ತಲೆಯಾಡಿಸಿದರು. ಮುಲುಂಡಿಗೆ ಬಂದು ಕೆಲಸಕ್ಕೆ ಕೂರುವ ಮೊದಲು ಸೆರಗಿನ ಗಂಟು ಬಿಚ್ಚಿ ಆ ತಗಡಿನ ಡಬ್ಬಿಯನ್ನು ಗಲ್ಲಾದ ಮೇಲಿಟ್ಟರು.

"ದೋನ್ ಆಠವಡೇ. ಮಗ್ ಪರತ್ ದೇ." ಎರಡು ವಾರ, ಆಮೇಲೆ ವಾಪಸು ಕೊಡು.

ಡಬ್ಬಿ ಈಗ ಹರಿದ ನೋಟುಗಳ ಖಾನೆಯಲ್ಲಿದೆ. ಇವತ್ತಿಗೆ ಒಂಬತ್ತು ದಿನ. ಎರಡು ಸಲ ಕೇಳಲು ಬಂದಿದ್ದರು, ಎರಡು ಸಲವೂ ಬೀಗದ ಕೈ ಧಣಿಗಳ ಹತ್ತಿರ ಇದೆ ಎಂದೆ.